ಮಗು ಕಾನ್ವೆಂಟಿನಲ್ಲಿ ದಿನಾ ಪ್ರಾರ್ಥನೆ ಹೇಳುತ್ತೆ: ಮುಂಬೈಯ ಕನ್ನಡ ತಂದೆ ತಾಯಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈಯ ಪಶ್ಚಿಮ ಉಪನಗರದ ಒಂದು ಕಥೋಲಿಕ ಶಾಲೆಯಲ್ಲಿ ನಾನು 24 ವರ್ಷ ಪ್ರೈಮರಿ ಟೀಚರ್ ಆಗಿದ್ದೆ. ಊರು ಕುಂದಾಪುರದ ಕಡೆ. ನಮ್ಮದು ಹಿಂದೂ ಮನೆ. ಅಷ್ಟೂ ವರ್ಷ ಮಕ್ಕಳ ಜೊತೆ ನಿಂತು ಅವರ ಪ್ರಾರ್ಥನೆ ಕೇಳಿದ್ದೇನೆ, ಹೇಳಿಸಿದ್ದೇನೆ. ಹಾಗಾಗಿ ಅಡ್ಮಿಶನ್ ಸಮಯ ಬಂತೆಂದರೆ ನಮ್ಮವರ ಫೋನು ಶುರುವಾಗುತ್ತದೆ. ದಹಿಸರ್, ಭಾಂಡುಪ್, ಡೊಂಬಿವಲಿ, ಎಲ್ಲ ಕಡೆಯಿಂದ. "ಟೀಚರ್, ಸೀಟು ಸಿಕ್ಕಿದೆ. ಆದ್ರೆ ಅಲ್ಲಿ ದಿನಾ ಯೇಸುವಿನ ಪ್ರಾರ್ಥನೆ ಇರುತ್ತೆ, ಅಲ್ವಾ?" ದನಿಯಲ್ಲಿ ಸೀಟು ಸಿಕ್ಕ ಖುಷಿ ಇರುತ್ತದೆ, ಜೊತೆಗೆ ಒಂದು ಅಳುಕೂ ಇರುತ್ತದೆ. ಆ ಅಳುಕನ್ನು ನಾನು ಯಾವತ್ತೂ ತಳ್ಳಿಹಾಕಿದವಳಲ್ಲ. ನನ್ನ ಮಗಳನ್ನು ಕಾನ್ವೆಂಟಿಗೆ ಸೇರಿಸಿದಾಗ ನನಗೂ ಅದು ಇತ್ತು. ಇಷ್ಟು ವರ್ಷ ಕೇಳಿದ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ದಿನಕ್ಕೆ ಎಷ್ಟು ಸಲ ಪ್ರಾರ್ಥನೆ ಇರುತ್ತದೆ?

ಸಾಮಾನ್ಯವಾಗಿ ಮೂರು ಸಲ. ಬೆಳಿಗ್ಗೆ ಅಸೆಂಬ್ಲಿಯಲ್ಲಿ, ಟಿಫಿನ್ ಡಬ್ಬಿ ತೆರೆಯುವ ಮೊದಲು, ಮನೆಗೆ ಬಿಡುವ ಮೊದಲು. ಎಲ್ಲ ಸೇರಿಸಿದರೂ ಹತ್ತು ನಿಮಿಷಕ್ಕಿಂತ ಜಾಸ್ತಿ ಆಗುವುದು ಅಪರೂಪ.

ಬೆಳಿಗ್ಗೆಯದ್ದೇ ದೊಡ್ಡದು. ಬೆಲ್ ಹೊಡೆಯುತ್ತದೆ, ಮಕ್ಕಳು ಸಾಲಾಗಿ ನಿಲ್ಲುತ್ತಾರೆ. ಶಿಲುಬೆಯ ಗುರುತು, ಯೇಸು ಕಲಿಸಿದ ಪ್ರಾರ್ಥನೆ ಅಥವಾ ಮೇರಿ ಮಾತೆಗೆ ಹೇಳುವ ನಮೋ ಮರಿಯಾ, ಒಂದು ಸಣ್ಣ ಕಥೆ ಅಥವಾ ಯೋಚನೆ. ಆಮೇಲೆ ಕೋರಿಕೆಗಳು: ಯಾರದೋ ಅಮ್ಮನಿಗೆ ಆಪರೇಷನ್ ಇದೆ, ಹತ್ತನೇ ಕ್ಲಾಸಿನವರಿಗೆ ಪರೀಕ್ಷೆ ಇದೆ, ಅವರಿಗಾಗಿ ಬೇಡಿಕೊಳ್ಳುವುದು. ನನಗೆ ತುಂಬ ಇಷ್ಟವಾದ ಭಾಗ ಇದು. ಮರಾಠಿ ಹುಡುಗನ ಅಜ್ಜನಿಗಾಗಿ ಮುಸ್ಲಿಂ ಹುಡುಗಿ ಕಣ್ಣು ಮುಚ್ಚಿ ನಿಂತಿರುವುದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪ್ರಾರ್ಥನೆ ಮುಗಿದ ಮೇಲೆ ರಾಷ್ಟ್ರಗೀತೆ, ಸಂವಿಧಾನದ ಪೀಠಿಕೆ. ಮಹಾರಾಷ್ಟ್ರದ ಶಾಲೆಗಳಲ್ಲಿ 2020ರ ಜನವರಿ 26ರಿಂದ ಪೀಠಿಕೆ ಓದಿಸುತ್ತಾರೆ. 2023ರಿಂದ ರಾಜ್ಯಗೀತೆಯೂ ಸೇರಿದೆ.

ಮುಂಬೈಯ ಶಾಲೆಗಳಲ್ಲಿ ಜಾಗ ಕಡಿಮೆ. ಅದಕ್ಕೇ ಎಷ್ಟೋ ಕಡೆ ಹೈಸ್ಕೂಲು ಬೆಳಿಗ್ಗೆ, ಪ್ರೈಮರಿ ಮಧ್ಯಾಹ್ನ. ಮಧ್ಯಾಹ್ನದ ಪಾಳಿಯವರಿಗೆ ಅಸೆಂಬ್ಲಿಯೂ ಮಧ್ಯಾಹ್ನವೇ. ಮಳೆಗಾಲದಲ್ಲಿ ಅಂಗಳದಲ್ಲಿ ನೀರು ನಿಂತಾಗ ಎಲ್ಲರೂ ಕ್ಲಾಸಿನಲ್ಲೇ ನಿಂತು ಸ್ಪೀಕರಿನಲ್ಲಿ ಬರುವ ದನಿಗೆ ದನಿ ಕೂಡಿಸುತ್ತಾರೆ.

ಕೆಲವು ಶಾಲೆಗಳಲ್ಲಿ ಹನ್ನೆರಡು ಗಂಟೆಗೆ ಗಂಟೆ ಬಾರಿಸಿ ಏಂಜಲಸ್ ಎಂಬ ಮೇರಿ ಮಾತೆಯ ಪ್ರಾರ್ಥನೆ ಹೇಳುವ ರೂಢಿ ಇದೆ. ಕಥೋಲಿಕರಲ್ಲಿ ಇದನ್ನು ದಿನಕ್ಕೆ ಮೂರು ಹೊತ್ತು ಹೇಳುವ ಸಂಪ್ರದಾಯ: ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು. ನಮ್ಮ ಅಜ್ಜಂದಿರ ತ್ರಿಕಾಲ ಸಂಧ್ಯಾವಂದನೆ ನೆನಪಿಸಿಕೊಳ್ಳಿ, ಆ ಥರ.

ಅವರು ಹೇಳಿಸುವ ಪ್ರಾರ್ಥನೆಯಲ್ಲಿ ಇರುವುದೇನು? ನಾವು ಮೊದಲೇ ಓದಬಹುದಾ?

ಖಂಡಿತ ಓದಬಹುದು, ಓದಲೇಬೇಕು. ಶಾಲೆಯವರು ಕೊಡುವ ಪುಟ್ಟ ಪುಸ್ತಕಕ್ಕೆ ಇಲ್ಲಿ ಮಕ್ಕಳು 'ಕ್ಯಾಲೆಂಡರ್' ಅಂತಾರೆ. ರಜೆ ಪಟ್ಟಿ, ನಿಯಮ, ಪೋಷಕರಿಗೆ ಬರೆಯುವ ಚೀಟಿ ಎಲ್ಲ ಅದರಲ್ಲೇ. ಪ್ರಾರ್ಥನೆಗಳು ಸಾಮಾನ್ಯವಾಗಿ ಮೊದಲ ಪುಟಗಳಲ್ಲೇ ಅಚ್ಚಾಗಿರುತ್ತವೆ. ಹೆಚ್ಚಿನ ಪೋಷಕರು ಆ ಪುಟ ಹಾರಿಸಿ ಸೀದಾ ರಜೆ ಪಟ್ಟಿಗೆ ಹೋಗುತ್ತಾರೆ.

ಮುಖ್ಯವಾದದ್ದು ಯೇಸು ಕಲಿಸಿದ ಪ್ರಾರ್ಥನೆ. 'ನಮಗೂ ಪ್ರಾರ್ಥನೆ ಮಾಡುವುದನ್ನು ಕಲಿಸು' ಎಂದು ಶಿಷ್ಯನೊಬ್ಬ ಕೇಳಿದಾಗ ಯೇಸು ಹೇಳಿಕೊಟ್ಟದ್ದು ಅಂತ ಬೈಬಲಿನ ಲೂಕನ ಸುವಾರ್ತೆಯಲ್ಲಿದೆ. ಮತ್ತಾಯನ ಸುವಾರ್ತೆಯಲ್ಲೂ ಇದೆ. ಅರ್ಥ ಸರಳ. ಸ್ವರ್ಗದಲ್ಲಿರುವ ತಂದೆಯೇ, ನಿನ್ನ ಹೆಸರಿಗೆ ಗೌರವ ಸಿಗಲಿ, ನಿನ್ನ ಇಷ್ಟ ಇಲ್ಲೂ ನಡೆಯಲಿ, ಇವತ್ತಿನ ಅನ್ನ ಇವತ್ತು ಕೊಡು, ನಾವು ಬೇರೆಯವರನ್ನು ಕ್ಷಮಿಸಿದ ಹಾಗೆ ನಮ್ಮನ್ನೂ ಕ್ಷಮಿಸು, ಕೆಟ್ಟದರಿಂದ ಕಾಪಾಡು. ಬೇಡುವುದು ಇವತ್ತಿನ ಅನ್ನ ಮಾತ್ರ, ನಾಳೆಯದ್ದಲ್ಲ. ಇದನ್ನು ಮಕ್ಕಳಿಗೆ ತೋರಿಸಿಕೊಟ್ಟರೆ ಅವರ ಕಣ್ಣು ಅರಳುತ್ತದೆ.

ನಮೋ ಮರಿಯಾ ಪ್ರಾರ್ಥನೆಯ ಮೊದಲರ್ಧ ಲೂಕನ ಸುವಾರ್ತೆಯಿಂದಲೇ ಬಂದದ್ದು. ದೇವದೂತ ಗಬ್ರಿಯೇಲ ಮರಿಯಾಳಿಗೆ ಹೇಳಿದ ಮಾತು, ಅವಳ ಬಂಧು ಎಲಿಜಬೇತಳು ಹೇಳಿದ ಮಾತು. ಉಳಿದರ್ಧ 'ನಮಗಾಗಿ ಬೇಡಿಕೋ' ಎಂಬ ಕೋರಿಕೆ.

ಒಂದು ಸಂಗತಿ ಹೇಳಲೇಬೇಕು. ಇಂಗ್ಲಿಷ್ ಪ್ರಾರ್ಥನೆಯಲ್ಲಿ ಕ್ಷಮೆ ಕೇಳುವ ಜಾಗದಲ್ಲಿ 'ಟ್ರೆಸ್‌ಪಾಸಸ್' ಎಂಬ ಹಳೇ ಪದ ಬರುತ್ತದೆ. ತಪ್ಪುಗಳು ಅಂತ ಅರ್ಥ. ನನ್ನ ಎರಡನೇ ಕ್ಲಾಸಿನಲ್ಲಿ ಗದಗ ಕಡೆಯ ಒಬ್ಬ ಹುಡುಗಿ ಇದ್ದಳು. ಮನೆ ರೈಲು ಹಳಿಯ ಪಕ್ಕ. ಹಳಿ ದಾಟಬಾರದು ಅಂತ ಸ್ಟೇಷನ್ನಿನಲ್ಲಿ ಹಾಕಿದ ಬೋರ್ಡಿನಲ್ಲೂ ಇದೇ ಪದ ಇರುತ್ತದೆ. ಒಂದು ದಿನ ಪ್ರಾರ್ಥನೆ ಮುಗಿದ ಮೇಲೆ ನನ್ನ ಟೇಬಲ್ ಹತ್ತಿರ ಬಂದಳು. ಸ್ಕರ್ಟಿನ ಬೆಲ್ಟ್ ಹಿಡಿದುಕೊಂಡು, ಮೆಲ್ಲಗೆ, ಕನ್ನಡದಲ್ಲೇ ಕೇಳಿದಳು: "ಟೀಚರ್, ನಮ್ಮಪ್ಪ ದಿನಾ ಹಳಿ ದಾಟ್ತಾನ. ಅವನ್ನೂ ಸೇರ್ಸಿ ಹೇಳ್ಲೇನ್ರಿ?" ಒಂದೂವರೆ ವರ್ಷ ಆ ಮಗು ಪ್ರತಿದಿನ ರೈಲು ಹಳಿಯ ಬಗ್ಗೆ ದೇವರ ಹತ್ತಿರ ಮಾತಾಡುತ್ತಿತ್ತು, ನಮಗೆ ಗೊತ್ತೇ ಇರಲಿಲ್ಲ. ಅವತ್ತಿನಿಂದ ನಾನು ಪ್ರತಿ ಜೂನಿನಲ್ಲಿ ಮೊದಲ ವಾರ ಒಂದೊಂದು ಸಾಲಿನ ಅರ್ಥ ಹೇಳಿಯೇ ಬಾಯಿಪಾಠ ಮಾಡಿಸುತ್ತಿದ್ದೆ. ನೀವೂ ಮನೆಯಲ್ಲಿ ಕನ್ನಡದಲ್ಲಿ ಅರ್ಥ ಹೇಳಿ. ಪ್ರಾರ್ಥನೆ ಯಾರದ್ದೇ ಇರಲಿ, ಮಗು ಗಿಳಿಪಾಠ ಒಪ್ಪಿಸುವುದು ನನಗೆ ಸರಿ ಕಾಣುವುದಿಲ್ಲ.

ನನ್ನ ಮಗು ಇದನ್ನು ಹೇಳಲೇಬೇಕಾ?

ಇಲ್ಲ. ಸಂವಿಧಾನದ 28ನೇ ವಿಧಿಯ ಮೂರನೇ ಭಾಗ ಇದನ್ನು ನೇರವಾಗಿ ಹೇಳುತ್ತದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಓದುವ ಯಾರನ್ನೂ ಒಪ್ಪಿಗೆ ಇಲ್ಲದೆ ಧರ್ಮದ ಪಾಠಕ್ಕಾಗಲಿ ಪೂಜೆಗಾಗಲಿ ಕೂರಿಸುವ ಹಾಗಿಲ್ಲ. ಮಗು ಚಿಕ್ಕದಾದರೆ ಒಪ್ಪಿಗೆ ಕೊಡಬೇಕಾದವರು ಪೋಷಕರು. ಇನ್ನೊಂದು ಕಡೆ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. ಅಂದರೆ ಪ್ರಾರ್ಥನೆ ಇಡುವುದು ಅವರ ಹಕ್ಕು, ಬೇಡ ಅನ್ನುವುದು ನಿಮ್ಮ ಹಕ್ಕು. ಎರಡೂ ಒಟ್ಟಿಗೇ ಇವೆ.

1986ರಲ್ಲಿ ಸುಪ್ರೀಂ ಕೋರ್ಟ್ ಕೇರಳದ ಮೂವರು ಮಕ್ಕಳ ಪರವಾಗಿ ಒಂದು ತೀರ್ಪು ಕೊಟ್ಟಿತು. ಅವರು ಯೆಹೋವನ ಸಾಕ್ಷಿಗಳ ಪಂಗಡದವರು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ತಮ್ಮ ನಂಬಿಕೆಯ ಕಾರಣಕ್ಕೆ ಹಾಡುತ್ತಿರಲಿಲ್ಲ. ಶಾಲೆ ಹೊರಗೆ ಹಾಕಿತ್ತು. ಎದ್ದು ನಿಂತರೆ ಅಗೌರವ ಆಗುವುದಿಲ್ಲ, ಹಾಡಲೇಬೇಕೆಂದು ಬಲವಂತ ಮಾಡುವ ಹಾಗಿಲ್ಲ ಎಂದಿತು ಕೋರ್ಟು. ರಾಷ್ಟ್ರಗೀತೆಗೇ ಹೀಗಿರುವಾಗ ಪ್ರಾರ್ಥನೆಗೆ ಬೇರೆ ಹೇಳಬೇಕಾ?

ಚರ್ಚ್ ಕೂಡ ಇದನ್ನೇ ಹೇಳುತ್ತದೆ. ನಂಬಿಕೆಯ ವಿಷಯದಲ್ಲಿ ಯಾರನ್ನೂ ಬಲವಂತ ಮಾಡಬಾರದು ಅಂತ ಜಗತ್ತಿನ ಕಥೋಲಿಕ ಬಿಷಪ್ಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಘೋಷಿಸಿದೆ. ಭಾರತದ ಕಥೋಲಿಕ ಬಿಷಪ್ಪರ ಮಂಡಳಿ 2024ರಲ್ಲಿ ತನ್ನ ಶಾಲೆಗಳಿಗೆ ಕೊಟ್ಟ ಸೂಚನೆಯಲ್ಲಿ, ಬೇರೆ ಧರ್ಮದ ಮಕ್ಕಳ ಮೇಲೆ ಕ್ರೈಸ್ತ ಸಂಪ್ರದಾಯ ಹೇರಬೇಡಿ, ಅಸೆಂಬ್ಲಿಯಲ್ಲಿ ದಿನಾ ಪೀಠಿಕೆ ಓದಿಸಿ, ಎಲ್ಲ ಧರ್ಮದವರಿಗೂ ಒಂದು ಪ್ರಾರ್ಥನಾ ಕೋಣೆ ಮಾಡಿ ಎಂದು ಬರೆದಿತ್ತು.

ಹಾಗಂತ ಎಲ್ಲ ಟೀಚರುಗಳೂ ಇದನ್ನು ಓದಿರುತ್ತಾರೆ ಅಂತಲ್ಲ. ನಾನೇ ಸೇರಿದ ಹೊಸದರಲ್ಲಿ, ಬಾಯಿ ತೆರೆಯದೆ ನಿಂತ ಒಬ್ಬ ಹುಡುಗನನ್ನು ಮುಂದೆ ಕರೆದು ಒಬ್ಬನೇ ಹೇಳುವಂತೆ ಮಾಡಿದ್ದೆ. ಅವನ ಕಿವಿ ಕೆಂಪಾಯಿತು. ಅರ್ಧಕ್ಕೆ ಮಾತು ನಿಂತಿತು. ಆಮೇಲೆ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ನನ್ನನ್ನು ಕೋಣೆಗೆ ಕರೆದು, "ಅವನು ಗಲಾಟೆ ಮಾಡಿದ್ನಾ?" ಅಂತ ಕೇಳಿದರು. ಇಲ್ಲ ಎಂದೆ. "ಹಾಗಾದ್ರೆ ಬಿಟ್ಟುಬಿಡಿ" ಅಂದರು, ಅಷ್ಟೇ. ಆ ಹುಡುಗನ ಹತ್ತಿರ ನಾನು ಮರುದಿನ ಸಾರಿ ಕೇಳಿದೆ.

ನಿಮಗೆ ಬೇಡವೆನಿಸಿದರೆ ಕ್ಯಾಲೆಂಡರಿನಲ್ಲಿ ಎರಡು ಸಾಲು ಬರೆಯಿರಿ: ಮಗು ಎಲ್ಲರ ಜೊತೆ ಸುಮ್ಮನೆ ನಿಲ್ಲುತ್ತದೆ, ಹೇಳುವುದಿಲ್ಲ. ಜಗಳದ ಧಾಟಿ ಬೇಡ. ಮುಖ್ಯವಾಗಿ, ಮಗುವಿಗೂ ಇದು ಗೊತ್ತಿರಲಿ. 'ಬೇಕಿದ್ರೆ ಹೇಳು, ಬೇಡಾದ್ರೆ ಸುಮ್ನೆ ನಿಲ್ಲು, ಪಕ್ಕದವರನ್ನು ನಗಿಸಬೇಡ.'

ಶಿಲುಬೆಯ ಗುರುತು ಹಾಕಬೇಕಾ?

ಬೇಡ. ಹಣೆ, ಎದೆ, ಎಡ ಭುಜ, ಬಲ ಭುಜ ಮುಟ್ಟಿ ತಂದೆ, ಮಗ, ಪವಿತ್ರಾತ್ಮರ ಹೆಸರು ಹೇಳುವುದು ಕ್ರೈಸ್ತ ನಂಬಿಕೆಯ ಗುರುತು. ಬೇರೆ ಮಕ್ಕಳು ಕೈ ಮುಗಿದರೆ ಸಾಕು. ಚಿಕ್ಕ ಮಕ್ಕಳು ನೋಡಿ ನೋಡಿ ಹಾಕಿಕೊಳ್ಳುತ್ತಾರೆ, ಅದಕ್ಕೆ ಬೈಯಬೇಡಿ.

ನೇರವಾಗಿ ಕೇಳುತ್ತೇನೆ. ಮಗುವನ್ನು ಮತಾಂತರ ಮಾಡುತ್ತಾರಾ?

ನೇರವಾಗಿಯೇ ಹೇಳುತ್ತೇನೆ. ನನ್ನ 24 ವರ್ಷಗಳಲ್ಲಿ ನಾನು ಕಂಡ ಒಂದೇ ಒಂದು ಮಗುವಿಗೂ ಹಾಗಾಗಿಲ್ಲ. ಅವರದೇ ನಿಯಮದ ಪ್ರಕಾರ ಚಿಕ್ಕ ಮಗುವಿಗೆ ಜ್ಞಾನಸ್ನಾನ, ಅಂದರೆ ಕ್ರೈಸ್ತರಾಗಿ ಸೇರಿಸಿಕೊಳ್ಳುವ ವಿಧಿ, ಕೊಡಬೇಕಾದರೆ ಅಪ್ಪ ಅಮ್ಮಂದಿರಲ್ಲಿ ಒಬ್ಬರಾದರೂ ಒಪ್ಪಬೇಕು. ದೊಡ್ಡವರು ಬಯಸಿದರೆ ತಿಂಗಳುಗಟ್ಟಲೆ ತಯಾರಿ ಇರುತ್ತದೆ. ದಿನಾ ಪ್ರಾರ್ಥನೆ ಹೇಳಿದ್ದರಿಂದ ಯಾರೂ ಕ್ರೈಸ್ತರಾಗುವುದಿಲ್ಲ.

ಆದರೆ ಪ್ರಭಾವ ಇರುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ದಿನಾ ಕೇಳಿದ್ದು ಮನಸ್ಸಿನಲ್ಲಿ ಉಳಿಯುತ್ತದೆ. ಮಂಗಳೂರಿನ ಕಾನ್ವೆಂಟುಗಳಲ್ಲಿ ಓದಿದ ನಮ್ಮ ತಾಯಂದಿರ ತಲೆಮಾರನ್ನೇ ನೋಡಿ. ಅಪೊಸ್ತೋಲಿಕ್ ಕಾರ್ಮೆಲ್ ಸಿಸ್ಟರುಗಳು ಮಂಗಳೂರಿಗೆ ಬಂದದ್ದು 1870ರಲ್ಲಿ. ಆ ಶಾಲೆಗಳಲ್ಲಿ ಎಷ್ಟು ಬಂಟರ, ಬಿಲ್ಲವರ, ಬ್ರಾಹ್ಮಣರ ಹೆಣ್ಣುಮಕ್ಕಳು ಕಲಿತರು! ನನ್ನ ಅತ್ತೆಯೂ ಅಂಥದ್ದೊಂದು ಶಾಲೆಯವರು. ತುಳಸಿ ಕಟ್ಟೆಗೆ ದೀಪ ಇಡುವುದನ್ನು ಒಂದು ದಿನವೂ ತಪ್ಪಿಸಿದವರಲ್ಲ, ಮೇರಿ ಮಾತೆಯ ಹಾಡೂ ಪೂರ್ತಿ ಬಾಯಿಗೆ ಬರುತ್ತಿತ್ತು. ಮನೆಯಲ್ಲಿ ದೇವರ ಮಾತೇ ಇಲ್ಲದಿದ್ದರೆ ಶಾಲೆಯದ್ದೊಂದೇ ಮಗುವಿಗೆ ಗೊತ್ತಿರುತ್ತದೆ. ಅದು ಶಾಲೆಯ ತಪ್ಪಲ್ಲ.

ಯಾರಾದರೂ ಮಗುವಿಗೆ 'ನಿಮ್ಮ ದೇವರು ಸುಳ್ಳು' ಅಂತ ಹೇಳಿದರೆ ಮಾತ್ರ ಸುಮ್ಮನಿರಬೇಡಿ. ಮರುದಿನವೇ ಪ್ರಿನ್ಸಿಪಾಲರ ಹತ್ತಿರ ಹೋಗಿ, ಬರೆದು ಕೊಡಿ.

ಎಲ್ಲ ಕಥೋಲಿಕ ಶಾಲೆಗಳಲ್ಲೂ ಪ್ರಾರ್ಥನೆ ಒಂದೇ ಥರ ಇರುತ್ತದಾ?

ಮೂಲ ಒಂದೇ. ಆದರೆ ಶಾಲೆ ನಡೆಸುವ ಫಾದರ್, ಸಿಸ್ಟರುಗಳ ಸಂಘಕ್ಕೆ ತಕ್ಕಂತೆ ರೀತಿ ಬೇರೆ. ಜೆಸ್ವಿಟ್ ಫಾದರುಗಳ ಶಾಲೆಗಳಲ್ಲಿ ಮಕ್ಕಳು ಪುಟದ ತಲೆಯಲ್ಲಿ 'ಎ.ಎಂ.ಡಿ.ಜಿ.' ಅಂತ ಬರೆಯುವ ಹಳೇ ರೂಢಿ ಇದೆ. ಲ್ಯಾಟಿನ್ ಮಾತಿನ ನಾಲ್ಕು ಅಕ್ಷರ, 'ದೇವರ ಹೆಚ್ಚಿನ ಮಹಿಮೆಗಾಗಿ' ಅಂತ ಅರ್ಥ. ನಮ್ಮಪ್ಪ ಕಾಗದದ ತಲೆಯಲ್ಲಿ 'ಶ್ರೀ' ಬರೆಯದೆ ಪೆನ್ನು ಮುಂದೆ ಓಡಿಸುತ್ತಿರಲಿಲ್ಲ. ನನಗೆ ಎರಡೂ ಒಂದೇ ಗುಣದ್ದು ಅನಿಸುತ್ತದೆ. ದಿನದ ಕೊನೆಗೆ ಕಣ್ಣು ಮುಚ್ಚಿ 'ಇವತ್ತು ಏನು ಒಳ್ಳೆಯದಾಯಿತು, ಎಲ್ಲಿ ತಪ್ಪಿದೆ' ಅಂತ ನೆನೆಯುವ ಅಭ್ಯಾಸವೂ ಜೆಸ್ವಿಟರದ್ದೇ. ಅದನ್ನು ಯಾವ ಧರ್ಮದ ಮಗುವೂ ಮಾಡಬಹುದು.

ಮಾಟುಂಗದ ಡಾನ್ ಬಾಸ್ಕೋದಂಥ ಸಲೇಷಿಯನ್ ಫಾದರುಗಳ ಶಾಲೆಗಳಲ್ಲಿ ಪ್ರಾರ್ಥನೆಯ ಜೊತೆ 'ಗುಡ್ ಮಾರ್ನಿಂಗ್ ಟಾಕ್' ಅಂತ ಎರಡು ಮೂರು ನಿಮಿಷದ ಮಾತು ಇರುತ್ತದೆ. ಈ ಸಂಘ ಕಟ್ಟಿದ ಫಾದರ್ ಡಾನ್ ಬಾಸ್ಕೋ ತಮ್ಮ ಹಾಸ್ಟೆಲ್ ಹುಡುಗರಿಗೆ ರಾತ್ರಿ ಮಲಗುವ ಮೊದಲು ಹೇಳುತ್ತಿದ್ದ ಒಳ್ಳೇ ಮಾತು ಅದರ ಮೂಲ. ಮೊಟ್ಟಮೊದಲು ಹಾಗೆ ಹೇಳಿದ್ದು ಅವರ ತಾಯಿ ಮಾರ್ಗರಿತಾ ಅಂತಾರೆ.

ಮಾರಲ್ ಸೈನ್ಸ್ ಬೇರೆ, ಕ್ಯಾಟೆಕಿಸಂ ಬೇರೆನಾ?

ಬೇರೆ. ಕ್ಯಾಟೆಕಿಸಂ ಅಂದರೆ ಕಥೋಲಿಕ ಮಕ್ಕಳಿಗೆ ಧರ್ಮೋಪದೇಶ. ಅದೇ ಪೀರಿಯಡ್ಡಿನಲ್ಲಿ ಉಳಿದ ಮಕ್ಕಳಿಗೆ ಮಾರಲ್ ಸೈನ್ಸ್ ಅಥವಾ ವ್ಯಾಲ್ಯೂ ಎಜುಕೇಶನ್: ಸುಳ್ಳು ಹೇಳಬಾರದು, ಹಂಚಿಕೊಂಡು ತಿನ್ನಬೇಕು, ಇಂಥದ್ದು. ಟೈಮ್‌ಟೇಬಲ್ಲಿನಲ್ಲಿ ಎರಡೂ ಒಟ್ಟಿಗೆ ಬರೆದಿರುವುದರಿಂದ ಪೋಷಕರಿಗೆ ಗಲಿಬಿಲಿಯಾಗುತ್ತದೆ.

ಚರ್ಚಿನಲ್ಲಿ ಪೂಜೆಗೆ ಕರೆದುಕೊಂಡು ಹೋದರೆ? ಅಲ್ಲಿ ಕೊಡುವ ಪ್ರಸಾದ ತಗೋಬಹುದಾ?

ಇದನ್ನು ಗಮನವಿಟ್ಟು ಓದಿ, ನಮ್ಮ ಮಕ್ಕಳು ಜಾಸ್ತಿ ಎಡವುವುದು ಇಲ್ಲೇ. ಹೆಚ್ಚಿನ ಶಾಲೆಗಳು ಪೂಜೆಗೆ ಕಥೋಲಿಕ ಮಕ್ಕಳನ್ನಷ್ಟೇ ಕರೆದೊಯ್ಯುತ್ತವೆ. ಶಾಲೆಯ ಹಬ್ಬದ ದಿನ ಕೆಲವು ಕಡೆ ಎಲ್ಲರೂ ಹೋಗುವುದುಂಟು. ಅಲ್ಲಿ ಫಾದರ್ ಕೊಡುವ ತೆಳ್ಳಗಿನ ಬಿಳಿ ರೊಟ್ಟಿಗೆ ಕನ್ನಡದ ಕಥೋಲಿಕರು 'ಪರಮಪ್ರಸಾದ' ಅಂತಾರೆ. ಆ ಪದ ಕೇಳಿದರೆ ನಮಗೆ ಗುಡಿಯ ಪ್ರಸಾದವೇ ನೆನಪಾಗುತ್ತದೆ, ಅಲ್ವಾ? ಗುಡಿಯಲ್ಲಿ ಯಾರು ಕೈ ಚಾಚಿದರೂ ಪ್ರಸಾದ ಸಿಗುತ್ತದೆ. ಇದು ಹಾಗಲ್ಲ. ಅವರಿಗೆ ಅದು ಸಾಕ್ಷಾತ್ ಯೇಸುವಿನ ಶರೀರ. ಕಥೋಲಿಕ ಮಕ್ಕಳೇ ಏಳೆಂಟು ವರ್ಷದವರಾಗಿ, ಪಾಠ ಕಲಿತು, ಬಿಳಿ ಬಟ್ಟೆ ಹಾಕಿಕೊಂಡು ಮೊದಲ ಸಲ ತೆಗೆದುಕೊಳ್ಳುತ್ತಾರೆ. ಹಾಗಾಗಿ ನಿಮ್ಮ ಮಗು ಸಾಲಿನಲ್ಲಿ ಹೋಗದೆ ಬೆಂಚಿನಲ್ಲೇ ಕೂತಿರಲಿ. ಇದು ನಮ್ಮನ್ನು ಕೀಳಾಗಿ ನೋಡುವುದಲ್ಲ. ಅವರಿಗೆ ಅಷ್ಟು ದೊಡ್ಡದಾದದ್ದನ್ನು ನಾವೂ ಹಾಗೇ ನೋಡಬೇಕು.

ಮಗು ತಿಳಿಯದೆ ತೆಗೆದುಕೊಂಡರೆ? ಪಾಪ ಅಂತ ಹೆದರಿಸಬೇಡಿ. ಟೀಚರಿಗೆ ಒಂದು ಮಾತು ಹೇಳಿ, ಸಾಕು.

ವರ್ಷದಲ್ಲಿ ಬೇರೆ ಯಾವ ಯಾವ ಆಚರಣೆ ಬರುತ್ತವೆ?

ಸೆಪ್ಟೆಂಬರ್ 8 ಮೇರಿ ಮಾತೆಯ ಹುಟ್ಟುಹಬ್ಬ. ನಮ್ಮ ಕರಾವಳಿಯವರಿಗೆ ಅದು ಮೊಂತಿ ಫೆಸ್ತ್, ಹೊಸ ತೆನೆಯ ಹಬ್ಬ. ಮುಂಬೈಯಲ್ಲಿ ಅದೇ ಸಮಯಕ್ಕೆ ಬಾಂದ್ರಾದ ಮೌಂಟ್ ಮೇರಿ ಜಾತ್ರೆ ಒಂದು ವಾರ ನಡೆಯುತ್ತದೆ, ಎಲ್ಲ ಧರ್ಮದವರೂ ಮೇಣದ ಬತ್ತಿ ಹಿಡಿದು ಗುಡ್ಡ ಹತ್ತುತ್ತಾರೆ. ಅಕ್ಟೋಬರ್ ಜಪಮಾಲೆಯ ತಿಂಗಳು. ಹತ್ತು ಹತ್ತು ನಮೋ ಮರಿಯಾ, ಹೀಗೆ ಐದು ಸುತ್ತು. ಶಾಲೆಯಲ್ಲಿ ಸಾಮಾನ್ಯವಾಗಿ ಒಂದು ಸುತ್ತು ಮಾತ್ರ. ಜಪಮಾಲೆ ಮನೆಗೆ ಬಂದರೆ ಅದನ್ನು ಆಟದ ಸರವಾಗಿ ಕೊರಳಿಗೆ ಹಾಕಿಕೊಳ್ಳಲು ಬಿಡಬೇಡಿ. ಡಿಸೆಂಬರಿನಲ್ಲಿ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ. ಮಕ್ಕಳಿಗೆ ಅದರಷ್ಟು ಖುಷಿ ಕೊಡುವುದು ಬೇರೊಂದಿಲ್ಲ, ಹುಲ್ಲು ತರುವುದಕ್ಕೇ ಪೈಪೋಟಿ.

ಈಸ್ಟರಿಗೆ ಮೊದಲು ತಪಸ್ಸಿನ ಕಾಲ ಬೂದಿ ಬುಧವಾರದಿಂದ ಶುರು. ಅವತ್ತು ಹಣೆಗೆ ಬೂದಿ ಹಚ್ಚುತ್ತಾರೆ. ಹಿಂದಿನ ವರ್ಷ ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರದಂದು ಆಶೀರ್ವದಿಸಿದ ಗರಿಗಳನ್ನು ಸುಟ್ಟ ಬೂದಿ ಅದು. ಪರಮಪ್ರಸಾದಕ್ಕಿರುವ ನಿರ್ಬಂಧ ಬೂದಿಗೆ ಇಲ್ಲ. ಹುಬ್ಬಳ್ಳಿ ಕಡೆಯ ಲಿಂಗಾಯತ ಹುಡುಗನೊಬ್ಬ ಒಂದು ಸಲ ಬೂದಿ ಹಚ್ಚಿಸಿಕೊಂಡು ಬಂದು, "ಟೀಚರ್, ಇವ್ರ ಮನ್ಯಾಗೂ ವಿಭೂತಿ ಅದ!" ಅಂದಿದ್ದ. ಎಷ್ಟು ಸಂತೋಷ ಅವನಿಗೆ.

ಮನೆಯಲ್ಲಿ ಸೂತಕ ಇದ್ದಾಗ, ಮೈಲಿಗೆ ಇದ್ದಾಗ ಮಗು ಪ್ರಾರ್ಥನೆಯಲ್ಲಿ ನಿಲ್ಲಬಹುದಾ?

ನಿಲ್ಲಬಹುದು. ಅವರಲ್ಲಿ ಸೂತಕದ ಲೆಕ್ಕ ಇಲ್ಲ, ಮುಟ್ಟಿನ ದಿನಗಳಿಗೂ ಅಡ್ಡಿ ಇಲ್ಲ. ಮನೆಯಲ್ಲಿ ಸಾವಾಗಿದ್ದರೆ ಟೀಚರಿಗೆ ತಿಳಿಸಿ. ಅವತ್ತು ಅಸೆಂಬ್ಲಿಯಲ್ಲಿ ನಿಮ್ಮವರಿಗಾಗಿಯೂ ಬೇಡಿಕೊಳ್ಳುತ್ತಾರೆ.

ಕುಂಕುಮ, ಬಳೆ, ಮದರಂಗಿಗೆ ಬೈಯುತ್ತಾರಾ?

ಕೆಲವು ಕಡೆ ಬೈಯುತ್ತಾರೆ, ಮುಚ್ಚಿಡುವುದಿಲ್ಲ. ನನ್ನ ಮಗಳ ಶಾಲೆಯಲ್ಲಿ ಗೌರಿ ಹಬ್ಬದ ಮದರಂಗಿಗೆ ಅವಳನ್ನು ಒಂದು ಪೀರಿಯಡ್ ಹೊರಗೆ ನಿಲ್ಲಿಸಿದ್ದರು. ನನಗೆ ತುಂಬ ನೋವಾಗಿತ್ತು, ಹೋಗಿ ಹೇಳಿದೆ. ಸಮವಸ್ತ್ರದ ನಿಯಮ ಅಂದರು. ನಿಯಮ ಇರಲಿ, ಆದರೆ ಹಬ್ಬದ ಬಣ್ಣ ಒಂದು ವಾರ ಕೈಯಿಂದ ಹೋಗುವುದಿಲ್ಲ ಅನ್ನುವುದು ಯಾರಿಗೆ ಗೊತ್ತಿಲ್ಲ? ಮುಂದಿನ ವರ್ಷದಿಂದ ಹಬ್ಬದ ಸಮಯಕ್ಕೆ ಸಡಿಲ ಮಾಡಿದರು. ಹೇಳಿದ್ದಕ್ಕೇ ಆಯಿತು, ಅದಕ್ಕೇ ನೀವೂ ಹೇಳಿ ಅನ್ನುವುದು.

ನಾವು ಮಂಗಳೂರಿನ ಕಥೋಲಿಕರು. ಮಗುವಿಗೆ ಇಂಗ್ಲಿಷ್ ಪ್ರಾರ್ಥನೆ ಮಾತ್ರ ಗೊತ್ತು. ಏನು ಮಾಡೋಣ?

ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ನಮ್ಮ ಹಳೇ ಬಿಲ್ಡಿಂಗಿನ ಕೆಳಗಿನ ಮನೆ ಕಣ್ಣಿಗೆ ಬರುತ್ತದೆ. ಸಂಜೆ ಏಳೂವರೆಗೆ ಅಲ್ಲಿಂದ ಕೊಂಕಣಿಯಲ್ಲಿ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಕೇಳುತ್ತಿತ್ತು. ಅಜ್ಜಿ ಅರ್ಧ ಹೇಳುತ್ತಿದ್ದರು, ಉಳಿದವರು ಅರ್ಧ ಪೂರ್ತಿ ಮಾಡುತ್ತಿದ್ದರು. ಆ ಅಜ್ಜಿ ತೀರಿಕೊಂಡ ಮೇಲೆ ಮೊಮ್ಮಕ್ಕಳಿಗೆ ಮುಂದುವರಿಸಲು ಬರಲಿಲ್ಲ. ಶಾಲೆ ಇಂಗ್ಲಿಷ್ ಕಲಿಸಿಯೇ ಕಲಿಸುತ್ತದೆ, ಅದರ ಚಿಂತೆ ಬೇಡ. ರಾತ್ರಿ ಊಟಕ್ಕೆ ಮೊದಲಿನ ಒಂದು ಪ್ರಾರ್ಥನೆಯನ್ನಾದರೂ ಕೊಂಕಣಿಯಲ್ಲೋ ಕನ್ನಡದಲ್ಲೋ ಹೇಳಿ. ಊರಿಗೆ ಹೋದಾಗ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಮಗು ಬಾಯಿ ಬಿಡಬೇಕು ತಾನೇ?

ಮಗಳು ಮನೆಗೆ ಬಂದು ದೇವರ ಮುಂದೆ ಇಂಗ್ಲಿಷ್ ಪ್ರಾರ್ಥನೆ ಹೇಳುತ್ತಾಳೆ. ಅಜ್ಜಿಗೆ ಬೇಜಾರು.

ಅಜ್ಜಿಯ ಬೇಜಾರಿಗೆ ಕಾರಣ ಇದೆ. ತನ್ನದು ಮೊಮ್ಮಗಳಿಗೆ ತಲುಪಲಿಲ್ಲವೇನೋ ಎಂಬ ಸಂಕಟ ಅದು. ಮಗಳಿಗೆ 'ಬಾಯಿ ಮುಚ್ಚು' ಅಂದರೆ ಆ ಸಂಕಟ ಹೋಗುವುದಿಲ್ಲ. ಪ್ರಾರ್ಥನೆ ಅಂದರೆ ಬೈಸಿಕೊಳ್ಳುವ ಕೆಲಸ ಅಂತ ಮಗು ಕಲಿಯುತ್ತದೆ, ಅಷ್ಟೇ. ಅಜ್ಜಿಯ ಕೈಲೇ ಒಂದು ಶ್ಲೋಕ ಕಲಿಸಿ. ಸಾಂತಾಕ್ರೂಜಿನ ಒಂದು ಮನೆಯಲ್ಲಿ ನಾನು ಊಟಕ್ಕೆ ಕೂತಾಗ ನೋಡಿದ್ದು ಹೇಳುತ್ತೇನೆ. ಬಾಳೆ ಎಲೆಯಲ್ಲ, ಸ್ಟೀಲಿನ ತಟ್ಟೆ. ಅನ್ನದ ಮೇಲೆ ಸಾರು ಬಿದ್ದಾಗಿದೆ, ಬಿಸಿ ಏಳುತ್ತಿದೆ. ಮೊಮ್ಮಗಳು ಕಣ್ಣು ಮುಚ್ಚಿ ಶಾಲೆಯ ಊಟದ ಪ್ರಾರ್ಥನೆ ಹೇಳಿದಳು. ಅಜ್ಜಿ ಆಮೆನ್ ಹೇಳಲಿಲ್ಲ, ತುತ್ತೂ ಎತ್ತಲಿಲ್ಲ, ಕೈ ಮುಗಿದು ಕಾದರು. ಅವಳದ್ದು ಮುಗಿದ ಮೇಲೆ ಇಬ್ಬರೂ ಸೇರಿ ಅನ್ನಪೂರ್ಣೆಯ ಶ್ಲೋಕ ಹೇಳಿದರು.

ಅಡ್ಮಿಶನ್ ದಿನ ಶಾಲೆಯವರ ಹತ್ತಿರ ಏನು ಕೇಳಬೇಕು?

ಅಸೆಂಬ್ಲಿಯಲ್ಲಿ ಯಾವ ಪ್ರಾರ್ಥನೆ, ಬೇರೆ ಧರ್ಮದ ಮಕ್ಕಳು ಸುಮ್ಮನೆ ನಿಲ್ಲಬಹುದಾ, ಚರ್ಚಿಗೆ ಕರೆದೊಯ್ಯುವ ಮೊದಲು ಚೀಟಿ ಕಳಿಸುತ್ತಾರಾ, ಹಬ್ಬದ ದಿನಗಳಲ್ಲಿ ಕುಂಕುಮ ಮದರಂಗಿಗೆ ಏನು ನಿಯಮ. ಇಷ್ಟು ಕೇಳಿ. ಫಾರ್ಮಿನಲ್ಲಿ ಸಹಿ ಹಾಕುವ ಮೊದಲು ಒಪ್ಪಿಗೆಯ ಸಾಲುಗಳನ್ನು ಪೂರ್ತಿ ಓದಿ. ಕ್ಯಾಲೆಂಡರ್ ಕೈಗೆ ಬಂದ ರಾತ್ರಿ, ಅದಕ್ಕೆ ಬೈಂಡ್ ಹಾಕುವ ಮೊದಲು, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಮೊದಲ ಪುಟಗಳನ್ನು ಒಟ್ಟಿಗೆ ಓದಿ.